ಅತ್ತಿ ಕೇಳಿದ್ರ ಸೊಸಿ ಏನ್ ಹೇಳ್ಯಾಳು?

ನಾಲ್ಕ ಮಂದಿ ಬೀಗರ ಮುಂದ ಕುಂದರಿಸಿ, "ಏನವಾ, ನಾ ನಿನಗ ಏನರ ತ್ರಾಸ ಕೊಡ್ತೇನೇನ?" ಅಂತ ಅತ್ತಿ ಕೇಳಿದ್ರ, ಯಾವ ಸೊಸಿ "ಹೌದ್ರಿ" ಅಂದಾಳು ಹೇಳ್ರಿ? ಸೆರಗ ಸರಿ ಮಾಡ್ಕೊಂಡು "ಏನಿಲ್ಲ ಬಿಡ್ರಿ ಅತ್ತಿ" ಅಂತಾಳ. ಮರದಿನದಿಂದ ಅತ್ತಿ ಓಣಿ ತುಂಬ ಹೇಳ್ಕೋತ ಅಡ್ಡಾಡತಾಳ: "ನಮ್ಮ ಸೊಸಿನ್ನ ಕೇಳ್ರಿ!"

ನಮ್ಮ ಪೊಲೀಸ್ ಇಲಾಖೆ ಕತಿನೂ ಹಂಗ ಆಗಬಾರದು ಅಂತ ಇದನ್ನ ಬರ್ಯಾಕತ್ತೇನಿ. 2025ರ ಜುಲೈದಾಗ ರಾಜ್ಯ ಸರ್ಕಾರ 'ಮನೆ ಮನೆಗೆ ಪೊಲೀಸ್' ಚಾಲೂ ಮಾಡ್ತು. ಬೀಟ್ ಪೊಲೀಸರು ಮನಿಗೇ ಬಂದು ನಿಮ್ಮ ತ್ರಾಸ ಏನಂತ ಕೇಳೂದು. ಬೆಂಗಳೂರಿನ ಠಾಣೆಗಳಾಗ 'ಲೋಕ ಸ್ಪಂದನ' ಅಂತ ಕ್ಯೂಆರ್ ಕೋಡ್ ಹಚ್ಯಾರ. ಪೊಲೀಸರು ಹೆಂಗ ನಡಕೊಂಡ್ರು ಅಂತ ಮೊಬೈಲ್‌ನ್ಯಾಗ ಹೇಳೂದು. ಕೇಳೂದು ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ. ಠಾಣೆ ಮೆಟ್ಟಲಾ ಹತ್ತಾಕ ಅಂಜೂ ಹೆಣ್ಮಕ್ಕಳಿಗೆ ಬಾಗಲಕ್ಕ ಯಾರರ ಬಂದ್ರ ಛಲೋನ.

ಆದ್ರ ನಾಳೆ ಐಗಳ್ಯಾಗ ನಮ್ಮ ಮನಿಗೆ ಬಂದ್ರು ಅಂತ ತಿಳಕೋರಿ. ಗಂಡಸರು ದ್ರಾಕ್ಷಿ ತೋಟಕ್ಕ ಹೋಗ್ಯಾರ. ಬಾಗಲದಾಗ ಖಾಕಿ, ಒಳಗ ಅತ್ತಿ-ಮಾವ, ಎದರ ಮನಿ ಕಟ್ಟಿ ಮ್ಯಾಲ ನಾಲ್ಕ ಮಂದಿ. ಗಂಡ ಬಡೀತಾನ ಅಂತ ಸೊಸಿ ಅಲ್ಲಿ ಬಾಯಿ ಬಿಟ್ಟಾಳೇನು? "ನೀವ ದೂರ ಬರಕೊಳ್ಳಲಿಲ್ಲ" ಅಂತ ಅವರ ಮಾರಿ ಮುಂದ ಯಾರ ಅಂದಾರು? ಮ್ಯಾಲ ಕೈಯಾಗ ಬುಕ್ಕ ಬ್ಯಾರೆ. ಮನ್ಯಾಗ ಎಷ್ಟ ಮಂದಿ, ಯಾರ ಎಲ್ಲಿ ದುಡೀತಾರ, ಫೋನ್ ನಂಬರ್ ಏನು ಅಂತ ಬರಕೊಂಡ್ರ, ಆ ಬುಕ್ಕ ಎಲ್ಲಿ ಹೋಗತೈತಿ, ಎಷ್ಟ ವರ್ಷ ಇರತೈತಿ? ಕಾಯಾಕ ಬಂದವರು ನಮ್ಮನ್ನ ನೋಡ್ಕೊಂಡೂ ಹೋಗ್ತಾರ.

ನಮ್ಮ ಮನಿ ಮಾತು ನಮ್ಮದು. 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ಯಾರ. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು.

ಅತ್ತಿ ಬಗ್ಗೆ ಅತ್ತಿನ ಕೇಳಬಾರದು, ತವರಮನಿಯವರು ಕೇಳಬೇಕು. ಪೆಗಾಸಸ್ ಗದ್ದಲದಾಗ 2021ರಾಗ ಸುಪ್ರೀಂ ಕೋರ್ಟ್ ಹಂಗ ಮಾಡ್ತು. ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯೊಳಗ ತನಿಖೆ ಆತು, ಮಂದಿ ಅಭಿಪ್ರಾಯನೂ ಕೇಳಿದ್ರು. 29 ಫೋನ್ ನೋಡಿದ್ರಾಗ 5ರೊಳಗ ಕೆಟ್ಟ ಸಾಫ್ಟ್‌ವೇರ್ ಸಿಕ್ತು. ಅದು ಪೆಗಾಸಸ್ಸೇ ಅಂತ ಖಾತ್ರಿ ಆಗ್ಲಿಲ್ಲ. ಸರ್ಕಾರ ಸಹಕಾರ ಕೊಡಲಿಲ್ಲ ಅಂತ ಸಮಿತಿ ಹೇಳ್ತು. ತವರಮನಿಯವರು ಬಂದ್ರೂ ಅತ್ತಿ ಬಾಯಿ ಬಿಡದಿದ್ರ ಹಿಂಗ ಆಗತೈತಿ. ಅದಕ್ಕ ಕೇಳಾವರಿಗೆ ಬರೇ ಕಿವಿ ಇದ್ರ ಸಾಲಂಗಿಲ್ಲ, ಕೈಯಾಗ ಅಧಿಕಾರನೂ ಇರಬೇಕು.

2006ರಾಗ ಪ್ರಕಾಶ್ ಸಿಂಗ್ ಕೇಸಿನ್ಯಾಗ ಸುಪ್ರೀಂ ಕೋರ್ಟ್, ಪೊಲೀಸರ ಮ್ಯಾಲಿನ ದೂರ ಕೇಳಾಕ ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಇರಬೇಕು ಅಂತ ಹೇಳೇತಿ. ನಮ್ಮ ಓಣ್ಯಾಗ ಎಷ್ಟ ಮಂದಿಗೆ ಅದರ ಹೆಸರ ಗೊತ್ತೈತಿ? ಮನಿ ಮನಿಗೆ ಬರಾವರು ಮೊದಲ ಅದರ ವಿಳಾಸ ತಂದು ಕೊಡಲಿ.

ಅಕ್ಕಾ, ವೈನಿ, ಕಾಕು, ಬಂದವರಿಗೆ ಚಾ ಕೊಡ್ರಿ, ಬ್ಯಾಡ ಅನ್ನಬ್ಯಾಡ್ರಿ. ಹೆಣ್ಮಕ್ಕಳ ಕೂಡ ಮಾತಾಡಾಕ ಹೆಣ್ಣು ಪೊಲೀಸ್ ಬರಲಿ ಅನ್ರಿ. ಬುಕ್ಕದಾಗ ಬರದದ್ದು ಓದಿ ಹೇಳ್ರಿ ಅನ್ರಿ. ಬೇಕಾಗಿದ್ದಕ್ಕಿಂತ ಹೆಚ್ಚು ಕೇಳಿದ್ರ "ಇದು ಯಾಕ್ರಿ?" ಅಂತ ಒಂದ ಮಾತು ಅನ್ರಿ. ಮನ್ಯಾಗ ಹೇಳಾಕ ಆಗದ ತ್ರಾಸಿದ್ರ 181ಕ್ಕ ಫೋನ್ ಹಚ್ಚರಿ.

"ಏನಿಲ್ಲ ಬಿಡ್ರಿ" ಅಂತ ಮಾತ್ರ ಅನಬ್ಯಾಡ್ರಿ. ಆ ಮಾತ ಅವರ ಬುಕ್ಕದಾಗ "ಎಲ್ಲಾ ಛಲೋ ಐತಿ" ಅಂತ ಕುಂದರತೈತಿ.