ಪರ–ವಿರೋಧ: ‘ದಿ ಟ್ಯೂಡರ್ಸ್’ ಇತಿಹಾಸವನ್ನು ತಿದ್ದಿದ್ದು ಸರಿಯೇ?

ಪರ

 

ಇಂಗ್ಲೆಂಡನ್ನು ಎಂಟನೇ ಹೆನ್ರಿ ಆಳಿದ್ದು 1509ರಿಂದ 1547ರವರೆಗೆ, ಹೆಚ್ಚೂಕಡಿಮೆ 38 ವರ್ಷ. ‘ದಿ ಟ್ಯೂಡರ್ಸ್’ ಟೀವಿ ಧಾರಾವಾಹಿಗೆ ಮೈಕಲ್ ಹರ್ಸ್ಟ್ ಬರೆದ ಕಂತುಗಳೂ 38. ಅಷ್ಟರೊಳಗೆ ಆರು ಮದುವೆ, ರೋಮಿನೊಂದಿಗೆ ಕಡಿದ ನಂಟು, ಮಠಗಳ ಲೂಟಿ ಎಲ್ಲವೂ ಹಿಡಿಸಬೇಕು. ಪಾತ್ರ ಕಡಿಮೆ ಮಾಡದೆ, ರಾಜನ ಅಕ್ಕ–ತಂಗಿಯರನ್ನು ಒಬ್ಬಳಾಗಿಸದೆ ಗತ್ಯಂತರವಿಲ್ಲ. ರಾಜನ ತಂಗಿಯೂ ಮೇರಿ, ಮಗಳೂ ಮೇರಿ ಎಂದರೆ ನೋಡುವವರ ಪಾಡೇನು?

ಎರಡನೆಯದು, ಇದು ಇತಿಹಾಸವಲ್ಲ, ಮನರಂಜನೆಯ ಸೋಪ್ ಎಂದು ಹರ್ಸ್ಟ್ ಅವರೇ ಹೇಳಿಕೊಂಡಿದ್ದಾರೆ. ಹೇಳಿ ಮಾಡಿದ್ದನ್ನು ಮೋಸ ಎನ್ನಲಾಗದು.

ಮೂರನೆಯದು, ತೆಳ್ಳಗಿನ ಹೆನ್ರಿ. ಪಟ್ಟಕ್ಕೆ ಬಂದಾಗ ಆತನಿಗೆ 17 ವರ್ಷ. ಎತ್ತರದ, ಗಟ್ಟಿಮುಟ್ಟಾದ ಆಳು. ಡೊಳ್ಳುಹೊಟ್ಟೆ ಆಮೇಲಿನದು. ಕೊನೆಯ ಸೀಸನ್ನಿಗಾದರೂ ಹೆನ್ರಿಯಾಗಿ ನಟಿಸಿದ ಜೊನಾಥನ್ ರೈಸ್ ಮೇಯರ್ಸ್‌ಗೆ ಸರಿಯಾಗಿ ಹೊಟ್ಟೆ ಕಟ್ಟಬಹುದಿತ್ತು ಅನ್ನಿ.

ಕೊನೆಯದಾಗಿ ಮರಿಯಾ ಡಾಯ್ಲ್ ಕೆನಡಿ ನಟಿಸಿದ ಮೊದಲ ರಾಣಿ ಕ್ಯಾಥರಿನ್. ಮದುವೆ ರದ್ದತಿಯ ವಿಚಾರಣೆಗೆ ಕೂಡಿದ 1529ರ ಬ್ಲ್ಯಾಕ್‌ಫ್ರೈಯರ್ಸ್ ನ್ಯಾಯಸಭೆಯಲ್ಲಿ ಗಂಡನ ಮುಂದೆ ಮಂಡಿಯೂರಿ ಮಾತಾಡಿ, ಕರೆದರೂ ಹಿಂದಿರುಗದೆ ನಡೆದುಬಿಡುವ ಆಕೆ! ಇಡೀ ಧಾರಾವಾಹಿಯಲ್ಲಿ ನನಗೆ ಅದೇ ಮೇಲು. ಅಲ್ಲಿ ಹೆಚ್ಚೇನೂ ತಿದ್ದಿಲ್ಲ ಎಂಬುದೂ ನಿಜ.

ಹೆನ್ರಿಯ ಮಂತ್ರಿ ಕಾರ್ಡಿನಲ್ ವೂಲ್ಸಿ ಕತ್ತು ಕೊಯ್ದುಕೊಳ್ಳುವುದು ಮಾತ್ರ ನನಗೂ ಗಂಟಲಲ್ಲಿ ಇಳಿಯಲಿಲ್ಲ. ಆತ 1530ರಲ್ಲಿ ಲೆಸ್ಟರ್‌ನಲ್ಲಿ ಕಾಯಿಲೆಯಿಂದ ಸತ್ತವನು. ಇರಲಿ.

ವಿರೋಧ

ಹೊಟ್ಟೆಯ ಬಗ್ಗೆ ನನ್ನ ತಕರಾರಿಲ್ಲ. ಉಡುಪು ಆ ಕಾಲದ್ದಲ್ಲ ಎಂದು ಗೊಣಗುವವರ ಗುಂಪಿಗೂ ನಾನು ಸೇರಿದವಳಲ್ಲ. ನನ್ನ ಸಿಟ್ಟೆಲ್ಲ ಕಾಣೆಯಾದ ಒಬ್ಬ ಹೆಂಗಸಿಗಾಗಿ.

ಹೆನ್ರಿಗೆ ಅಕ್ಕ ಮಾರ್ಗರೆಟ್, ತಂಗಿ ಮೇರಿ. ಅಕ್ಕನನ್ನು 1503ರಲ್ಲಿ ಸ್ಕಾಟ್ಲೆಂಡಿನ ನಾಲ್ಕನೇ ಜೇಮ್ಸ್‌ಗೆ ಕೊಟ್ಟರು. ತಂಗಿಯನ್ನು 1514ರಲ್ಲಿ ಫ್ರಾನ್ಸಿನ ಹನ್ನೆರಡನೇ ಲೂಯಿಗೆ. ವರನಿಗೆ 52, ವಧುವಿಗೆ 18. ಮೂರು ತಿಂಗಳು ತುಂಬುವ ಮೊದಲೇ ಅವನು ಸತ್ತ, ಅವಳು ಚಾರ್ಲ್ಸ್ ಬ್ರ್ಯಾಂಡನ್‌ನನ್ನು ಗುಟ್ಟಾಗಿ ಮದುವೆಯಾದಳು. ಧಾರಾವಾಹಿಯವರು ಅಕ್ಕನ ಹೆಸರಿಗೆ ತಂಗಿಯ ಬಾಳನ್ನು ಅಂಟಿಸಿ, ಹುಡುಗಿಯನ್ನು ಪೋರ್ಚುಗಲ್ಲಿಗೆ ಸಾಗಹಾಕಿದರು. ಅಲ್ಲಿ ಆಕೆ ಮುದಿ ಗಂಡನ ಮುಖಕ್ಕೆ ದಿಂಬು ಒತ್ತಿ ಕೊಲ್ಲುತ್ತಾಳೆ. ಸತ್ತು ಶತಮಾನಗಳಾದವಳ ತಲೆಗೆ ಕೊಲೆ ಕಟ್ಟುವುದು ಎಷ್ಟು ಸಲೀಸು ನೋಡಿ.

ಹೆನ್ರಿ ಮದುವೆಯ ಮೇಲೆ ಮದುವೆಯಾದದ್ದು ಗಂಡು ಸಂತಾನಕ್ಕಾಗಿ ತಾನೆ? ಎಡ್ವರ್ಡ್, ಮೇರಿ, ಎಲಿಜಬೆತ್ ಮೂವರೂ ಪಟ್ಟವೇರಿದರು, ಮೂವರಿಗೂ ಮಕ್ಕಳಿಲ್ಲ. 1603ರಲ್ಲಿ ಎಲಿಜಬೆತ್ ಕಣ್ಣು ಮುಚ್ಚಿದಾಗ ಸಿಂಹಾಸನಕ್ಕೆ ಬಂದವನು ಯಾರು? ಅದೇ ಅಕ್ಕ ಮಾರ್ಗರೆಟ್‌ಳ ಮರಿಮಗ, ಸ್ಕಾಟ್ಲೆಂಡಿನ ಆರನೇ ಜೇಮ್ಸ್. ಇಬ್ಬರು ಹೆಂಡಿರ ತಲೆ ತೆಗೆಸಿಯೂ ತಮ್ಮನಿಗೆ ಉಳಿಸಿಕೊಳ್ಳಲಾಗದ ವಂಶ ಅಕ್ಕನ ಹೊಟ್ಟೆಯಲ್ಲಿ ಮುಂದುವರಿಯಿತು. ತಂಗಿಯ ಮೊಮ್ಮಗಳು ಜೇನ್ ಗ್ರೇ 1553ರಲ್ಲಿ ಒಂಬತ್ತು ದಿನ ರಾಣಿಯೆನಿಸಿ, ಮರುವರ್ಷ ಕುತ್ತಿಗೆ ಕೊಟ್ಟಳು. ರಾಜಮನೆತನದ ಹೆಸರನ್ನೇ ಶೀರ್ಷಿಕೆ ಮಾಡಿಕೊಂಡವರು ಮನೆತನದ ಕೊಂಬೆಯನ್ನೇ ಕಡಿದಿದ್ದಾರೆ.

ಹೆಸರು ಗೊಂದಲವಾಗುತ್ತದಂತೆ! ಮೂವರು ಕ್ಯಾಥರಿನ್, ಇಬ್ಬರು ಆನ್, ಇನ್ನು ಥಾಮಸ್‌ಗಳೋ? ವೂಲ್ಸಿ, ಮೋರ್, ಕ್ರಾಮ್‌ವೆಲ್, ಕ್ರ್ಯಾನ್ಮರ್. ಇಷ್ಟು ಜನರನ್ನು ಗುರುತಿಟ್ಟುಕೊಂಡವರಿಗೆ ಇನ್ನೊಬ್ಬ ಮೇರಿ ಭಾರವೇ?

1970ರಲ್ಲಿ ಬಿಬಿಸಿ ಒಬ್ಬೊಬ್ಬ ರಾಣಿಗೆ ಒಂದೊಂದರಂತೆ ಆರೇ ನಾಟಕಗಳಲ್ಲಿ ಇದೇ ಕಥೆ ಹೇಳಿತು, ಕೀತ್ ಮಿಶೆಲ್ ಹೆನ್ರಿಯಾಗಿ. ಅದನ್ನು ನಾನು ಒಮ್ಮೆ ನೋಡಿದ್ದೇನೆ. ‘ಟ್ಯೂಡರ್ಸ್’ ಅನ್ನು ಎರಡು ಸಲ. ನಾಟಲಿ ಡಾರ್ಮರ್ ಆನ್ ಬೊಲಿನ್ ಆಗಿ ವಧಾಸ್ಥಾನಕ್ಕೆ ನಡೆಯುವಾಗ ಎರಡು ಸಲವೂ ಅತ್ತಿದ್ದೇನೆ. ಅದು ಬೇರೆ ಮಾತು. ಮಾರ್ಗರೆಟ್‌ಗೆ ಒಂದಿಡೀ ಕಂತು ಕೊಡಿ ಎಂದು ಯಾರೂ ಕೇಳಿರಲಿಲ್ಲ. ಸ್ಕಾಟ್ಲೆಂಡಿನಿಂದ ಅಕ್ಕನ ಕಾಗದ ಬಂದಿದೆ ಎಂದು ಒಬ್ಬ ಸೇವಕ ಬಾಗಿಲಲ್ಲಿ ನಿಂತು ಹೇಳಿದ್ದರೂ ಸಾಕಿತ್ತು.