ಈ ಸಮೀಕ್ಷೆಯಲ್ಲಿ ಜಾತಿ ಕೇಳಲೇಬೇಕು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಅನುಮಾನ ಬಿದ್ದಿದ್ದು ಹಳದಿ ಜ್ವರದ ಮೇಲೆ. ಅಂದರೆ ಸೊಳ್ಳೆಯ ಮೇಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ಅದನ್ನು ಹೊತ್ತು ತಿರುಗುತ್ತಿದ್ದದ್ದು ಉಣುಗು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಒಂದೇ ಥರ ಕಾಣುವ ಹಿಮಾಫೈಸಾಲಿಸ್ ಉಣುಗುಗಳಲ್ಲಿ ಯಾವುದು ಯಾವುದು ಅಂತ ಗುರುತಿಸಲು 1964ರಲ್ಲಿ ಒಂದು ಕೈಪಿಡಿಯನ್ನೇ ಪ್ರಕಟಿಸಿದರು.

ಡೆಂಗಿ ವಿಷಯದಲ್ಲಿ ನಾವು ಅಷ್ಟು ತಾಳ್ಮೆ ತೋರಿಸುತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400, ಹಳ್ಳಿ ಮನೆಗೆ 200 ರೂಪಾಯಿ ದಂಡ ಅಂತ ನಿಗದಿ ಮಾಡಿತು. ಸರಿ, ಯಾವ ಸೊಳ್ಳೆ? ಲಾರ್ವಾ ಸಿಕ್ಕ ಮನೆ ಎಷ್ಟು, ಪಾತ್ರೆ ಎಷ್ಟು ಅಂತ ಎಣಿಸುವ ಹೌಸ್ ಇಂಡೆಕ್ಸ್, ಬ್ರೆಟೋ ಇಂಡೆಕ್ಸ್‌ಗಳು ಅದನ್ನು ತಾವಾಗಿ ಹೇಳುವುದಿಲ್ಲ.

ನಮ್ಮಲ್ಲಿ ಡೆಂಗಿ ಹರಡುವ ಈಡಿಸ್‌ಗಳು ಮುಖ್ಯವಾಗಿ ಎರಡು: ಈಜಿಪ್ಟೈ ಮತ್ತು ಆಲ್ಬೊಪಿಕ್ಟಸ್. ಎರಡೂ ಕಪ್ಪು, ಎರಡರ ಕಾಲಲ್ಲೂ ಬಿಳಿ ಪಟ್ಟೆ. ವ್ಯತ್ಯಾಸ ಇರೋದು ಬೆನ್ನಲ್ಲಿ. ಮೊದಲನೆಯದಕ್ಕೆ ಎರಡೂ ಬದಿ ಬಾಗಿದ ಬಿಳಿ ಗೆರೆ, ಎರಡನೆಯದಕ್ಕೆ ನಡುವೆ ನೆಟ್ಟಗೆ ಒಂದೇ ಗೆರೆ. ಲಾರ್ವಾ ಆದರೆ ಎಂಟನೇ ಖಂಡದ ಮುಳ್ಳುಗಳನ್ನು ಮೈಕ್ರೋಸ್ಕೋಪಿನಲ್ಲೇ ನೋಡಬೇಕು. ಈಜಿಪ್ಟೈ ಮನೆಯೊಳಗಿನ ಗಿರಾಕಿ. ಡ್ರಮ್, ಸಂಪು, ಕೂಲರ್ ಅದರ ಜಾಗ. ಆಲ್ಬೊಪಿಕ್ಟಸ್ ಹೆಚ್ಚಾಗಿ ಹೊರಗಿನದು: ಮರದ ಪೊಟರೆ, ತೆಂಗಿನ ಚಿಪ್ಪು, ಮಳೆ ನೀರು ನಿಂತ ಅಡಿಕೆ ಹಾಳೆ. 2007ರಲ್ಲಿ ಕೇರಳದ ರಬ್ಬರ್ ಸೀಮೆಯಲ್ಲಿ ಚಿಕುನ್‌ಗುನ್ಯಾ ಹರಡಿದ್ದು ಮುಖ್ಯವಾಗಿ ಇದರಿಂದಲೇ.

ಶಿಕಾರಿಪುರ, ಸೊರಬ ಎರಡೂ ಅಡಿಕೆ ಸೀಮೆ. ಇಂಥ ಕಡೆ ಸಮೀಕ್ಷೆಗೆ ಹೋದವರ ಕಣ್ಣಿಗೆ ಮೊದಲು ಬೀಳೋದು ದಿನ ಬಿಟ್ಟು ದಿನ ನಲ್ಲಿ ನೀರು ಬರುವ ಮನೆಯ ಡ್ರಮ್. ಊರಾಚೆ ತೋಟದ ಹಾಳೆ ಯಾರ ಲೆಕ್ಕಕ್ಕೂ ಬರಲ್ಲ. "ನೀರು ಚೆಲ್ಲಿದ್ರೆ ಎರಡರ ಲಾರ್ವಾನೂ ಸಾಯುತ್ತಲ್ಲ" ಅನ್ನಬಹುದು. ನಿಜ, ಆದರೆ ಯಾವ ನೀರು? ಆಶಾ ಕಾರ್ಯಕರ್ತೆಗೆ ಇರೋದು ಎರಡೇ ಕಾಲು.

ಜಾತಿ ಗಣತಿಗೆ ಇಷ್ಟೊಂದು ಜಗಳ ಆಡಿದ ರಾಜ್ಯ, ಸೊಳ್ಳೆಯ ಫಾರ್ಮಿನಲ್ಲಿ ಜಾತಿಗೊಂದು ಕಾಲಂ ಇಟ್ಟರೆ ಯಾರೂ ಕೋರ್ಟಿಗೆ ಹೋಗಲಾರರು. ನಾನು ಎಂಜಿನಿಯರಿಂಗ್ ಓದಿದವನು, ಆದರೂ ಡ್ರೋನ್, ಎಐ ಕೇಳ್ತಿಲ್ಲ. ತಾಲ್ಲೂಕಿಗೊಂದು ಮೈಕ್ರೋಸ್ಕೋಪು, ಅದರಲ್ಲಿ ನೋಡಲು ತರಬೇತಾದ ಒಬ್ಬರು ಸಾಕು. ಪ್ರತಿ ಊರಿಂದ ಒಂದಿಷ್ಟು ಲಾರ್ವಾ ಬಾಟಲಿಯಲ್ಲಿ ತಂದು ಸಾಕಿದರೆ ಸುಮಾರು ಒಂದು ವಾರದಲ್ಲಿ ಸೊಳ್ಳೆಯಾಗಿ ಬೆನ್ನಿನ ಗೆರೆ ಕಾಣುತ್ತೆ. ಆ ಫಲಿತಾಂಶವನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಲಿ. ಆಮೇಲೆ 200 ರೂಪಾಯಿ ಕೇಳಲಿ, ಕೊಡೋಣ.