ಸಾಮಂತರ ದ್ರೋಹವೋ, ದೊರೆಗಳ ಋಣಭಂಗವೋ?

ಕರ್ನಾಟಕದ ರಾಜಮನೆತನಗಳ ಪತನವನ್ನು ವಿವರಿಸುವಾಗ ನಾವು ತರಗತಿಗಳಲ್ಲಿ ಮತ್ತೆ ಮತ್ತೆ ಬಳಸುವ ಮಾತು ‘ಸಾಮಂತರ ದ್ರೋಹ’. ರಾಷ್ಟ್ರಕೂಟರು ಅಳಿದದ್ದು ತೈಲಪನ ದ್ರೋಹದಿಂದ. ಕಲ್ಯಾಣದ ಚಾಲುಕ್ಯರು ಸಿಂಹಾಸನ ಕಳೆದುಕೊಂಡದ್ದು ಬಿಜ್ಜಳನ ದ್ರೋಹದಿಂದ. ಕಾರಣವನ್ನು ಹುಡುಕಬೇಕಾದಲ್ಲಿ ಬೈಗುಳವನ್ನಿಟ್ಟು ಮುಂದೆ ಸಾಗುವ ಈ ಕ್ರಮ ಇತಿಹಾಸವೂ ಅಲ್ಲ, ಸಾಹಿತ್ಯದ ಓದೂ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಮನೆತನಗಳು ತಮ್ಮ ಸಾಮಂತರ ನಿಷ್ಠೆಯನ್ನು ಉಳಿಸಿಕೊಳ್ಳಲಾಗದೆ ಹೋದದ್ದೇಕೆ?

ಹಳಗನ್ನಡವು ಒಡೆಯ–ಆಳುಗಳ ಸಂಬಂಧಕ್ಕೆ ಕೊಟ್ಟ ಹೆಸರುಗಳಲ್ಲಿ ‘ಜೋಳದ ಪಾಳಿ’ ಒಂದು. ಉಂಡ ಜೋಳದ ಋಣವನ್ನು ತೀರಿಸುವ ಧರ್ಮ ಅದು. ಪದದಲ್ಲೇ ಕ್ರಮ ಸ್ಪಷ್ಟವಾಗಿದೆ: ಮೊದಲು ಜೋಳ, ಆಮೇಲೆ ತಲೆ. ನಾವು ಮಾತ್ರ ಜೋಳವನ್ನು ಮರೆತು ತಲೆಯನ್ನಷ್ಟೇ ಹಾಡಿಹೊಗಳುತ್ತೇವೆ.

ದೂರ ಹೋಗಬೇಕಿಲ್ಲ. ಬೊಮ್ಮಸಂದ್ರದ ಕಾರ್ಖಾನೆಗಳಿಂದ ಹೆಚ್ಚು ದೂರವಲ್ಲದ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರೆಯಪ್ಪನ ಪರವಾಗಿ ವೀರಮಹೇಂದ್ರನ ಪಡೆಯೊಡನೆ ತುಂಬೆಪಾಡಿಯಲ್ಲಿ ಕಾದಿ ನಾಗತ್ತರ ಸತ್ತದ್ದನ್ನು ಅದು ಹೇಳುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಸುದ್ದಿ ಕೇಳಿದ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟದ್ದನ್ನೂ ಹೇಳುತ್ತದೆ. 949–50ರ ಆತಕೂರು ಶಾಸನದಲ್ಲಿ ಈ ಸರಪಳಿ ಇನ್ನೂ ಉದ್ದವಾಗಿದೆ. ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಮೂರನೆಯ ಕೃಷ್ಣ ಬನವಾಸಿ 12000, ಬೆಳ್ವೊಲ 300 ಮೊದಲಾದ ನಾಡುಗಳನ್ನು ಕೊಡುತ್ತಾನೆ; ಬೂತುಗ ತನ್ನ ಆಳು ಮಣಲೆರನಿಗೆ ಆತಕೂರು ಹನ್ನೆರಡನ್ನು ಕೊಡುತ್ತಾನೆ. ನಿಷ್ಠೆ ಮೇಲಕ್ಕೆ ಏರಿದಷ್ಟೇ ಖಚಿತವಾಗಿ ಭೂಮಿ ಕೆಳಕ್ಕೆ ಇಳಿಯಬೇಕಿತ್ತು.

ಈ ಒಪ್ಪಂದ ಮುರಿದಾಗ ಆದದ್ದೇನು? ನಾಲ್ಕನೆಯ ಗೋವಿಂದನ ಕಾಲವನ್ನು ನೋಡಿ. ತನ್ನನ್ನು ಮೊರೆಹೊಕ್ಕ ವಿಜಯಾದಿತ್ಯನನ್ನು ಒಪ್ಪಿಸದೆ, ಚಕ್ರವರ್ತಿಯನ್ನೇ ಎದುರಿಸಿ, ಬದ್ದೆಗನಿಗೆ ಪಟ್ಟ ದೊರಕಿಸಿದ ಸಾಮಂತ ವೇಮುಲವಾಡದ ಅರಿಕೇಸರಿ. ಪಂಪ ಇದನ್ನು ಮುಚ್ಚಿಡಲಿಲ್ಲ. ಹೆಮ್ಮೆಯಿಂದ ಹೇಳಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ. ಬದ್ದೆಗನ ಮಗ ಕೃಷ್ಣನ 940ರ ದೇವಲಿ ತಾಮ್ರಶಾಸನವೂ ಸಾಮಂತರೇ ಬದ್ದೆಗನನ್ನು ಸಿಂಹಾಸನವೇರಲು ಬೇಡಿಕೊಂಡರೆಂದು ಬರೆಯುತ್ತದೆ. ಅಂದರೆ ಸಾಮಂತರ ಸಿಟ್ಟಿನಿಂದ ಪಟ್ಟ ಪಡೆದ ಶಾಖೆ ಅದನ್ನು ದ್ರೋಹವೆನ್ನಲಿಲ್ಲ. ಬಾದಾಮಿಯ ಚಾಲುಕ್ಯರನ್ನು ಕಿತ್ತೆಸೆದ ದಂತಿದುರ್ಗನೂ ಸಾಮಂತನೇ ಆಗಿದ್ದ. ಅವನು ‘ಸ್ಥಾಪಕ’, ತೈಲಪ ‘ದ್ರೋಹಿ’ ಎಂಬ ತೀರ್ಪಿಗೆ ಆಧಾರವೇನು?

ತೈಲಪನಿಗೂ ತರ್ದವಾಡಿ ನಾಡು ದೊರಕಿತ್ತಲ್ಲ, ಅವನೇಕೆ ತಿರುಗಿಬಿದ್ದ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತೈಲಪನಲ್ಲಿ ಆಸೆಯಿರಲಿಲ್ಲವೆಂದು ನಾನು ವಾದಿಸುತ್ತಿಲ್ಲ; ಆಸೆ ಎಲ್ಲ ಸಾಮಂತರಲ್ಲೂ ಇತ್ತು. ಆದರೆ ಒಡೆಯನ ಹೊಣೆ ಭೂಮಿ ಕೊಡುವಲ್ಲಿಗೆ ಮುಗಿಯದು, ರಕ್ಷಣೆಯೂ ಅದರಲ್ಲಿ ಸೇರಿದೆ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನೇ ಸೂರೆಗೊಂಡ. ರಾಜಧಾನಿಯನ್ನು ಕಾಯಲಾಗದ ಖೊಟ್ಟಿಗನು ಸಾಮಂತನ ನಾಡನ್ನು ಕಾದಾನೆಂದು ಯಾರು ನಂಬಿಯಾರು? ತೈಲಪನ ಆಸೆಗೆ ದಾರಿ ತೆರೆದದ್ದು ಮರುವರ್ಷ.

ಅದೇ ಕುಸಿತದ ನಡುವೆ ಗಂಗ ಮಾರಸಿಂಹ ಮಾತ್ರ ರಾಷ್ಟ್ರಕೂಟ ನಾಲ್ಕನೆಯ ಇಂದ್ರನಿಗೆ ಪಟ್ಟಕಟ್ಟಿ ನಿಂತ. ಇದು ನನ್ನ ವಾದಕ್ಕೆ ವಿರೋಧವೆನಿಸಬಹುದು, ವಾಸ್ತವವಾಗಿ ಬೆಂಬಲವೇ. ಮಾರಸಿಂಹ ಆ ಬೂತುಗನ ಮಗ. ಇಂದ್ರ ಗಂಗರ ಮಗಳ ಮಗ. ನಾಡಿನ ಋಣವೂ ರಕ್ತದ ನಂಟೂ ಅಲ್ಲಿ ಒಟ್ಟಿಗಿದ್ದವು. ಯತ್ನ ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ, ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡರು. ಈ ಸಾವುಗಳನ್ನು ಕುರುಡು ಸ್ವಾಮಿಭಕ್ತಿಯ ಕಥೆಯಾಗಿ ಹೇಳುವುದು ಅವರಿಬ್ಬರಿಗೂ ಅನ್ಯಾಯ.

‘ದ್ರೋಹ’ವೆಂಬ ಪದ ಯಾವಾಗಲೂ ಕೆಳಗಿನವನ ಲೆಕ್ಕವನ್ನಷ್ಟೇ ಕೇಳುತ್ತದೆ. ಶಾಸನಗಳು ಎರಡೂ ಕಡೆಯ ಲೆಕ್ಕ ಬರೆದಿಟ್ಟಿವೆ. ವೀರಗಲ್ಲನ್ನು ಪಾಠಮಾಡುವವರು ಕಾಳಗದ ಸಾಲುಗಳಿಗೆ ನಿಲ್ಲಿಸದೆ ದತ್ತಿಯ ಸಾಲುಗಳನ್ನೂ ಓದಿಸಬೇಕು. ಸಂಶೋಧನೆಗೆ ಹೊರಟವರು, ಸಾಮಂತನೊಬ್ಬ ತಿರುಗಿಬಿದ್ದನೆಂದು ಕಂಡಾಗ, ಅದಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಅವನ ಒಡೆಯ ಏನು ಕೊಟ್ಟ, ಏನನ್ನು ಕಾಯ್ದ ಎಂಬುದನ್ನು ಮೊದಲು ಹುಡುಕಲಿ.